ಹಳೇ ಜಾಝ್ ರೆಕಾರ್ಡುಗಳ ಪೆಟ್ಟಿಗೆ, ಎಲ್ಲಾ ಸೇರಿ 8,000 ಅಂತಿದ್ದಾರೆ. ಕೊಡೋದಾ, ಬೇಡ್ವಾ?

ಕೋಡಿಬಾಗದವ
ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ಅಜ್ಜ ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದರು. ಯಾವ ಬಂದರಿಗೆ ಹೋದರೂ ರೆಕಾರ್ಡು ಕೊಳ್ಳುವ ಹುಚ್ಚು. ಈಗ ಅವರಿಲ್ಲ. ಮಗಳು ಮನೆ ಖಾಲಿ ಮಾಡುತ್ತಿದ್ದಾರೆ. "ನೀನು ಹಾಡು ಕೇಳೋನು, ಇದಕ್ಕೊಂದು ದಾರಿ ಮಾಡು" ಅಂತ ಪೆಟ್ಟಿಗೆ ನನ್ನ ತಲೆಗೆ ಕಟ್ಟಿದ್ದಾರೆ. ನಲವತ್ತರ ಹತ್ತಿರ ಎಲ್‌ಪಿ, ಜೊತೆಗೆ ಒಂದಿಷ್ಟು 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು. ಹೆಚ್ಚಿನದು ಜಾಝ್.

ಗೋವಾ ಕಡೆಯ ಒಬ್ಬ ವ್ಯಾಪಾರಿ ಬಂದು ಮೇಲಿಂದ ಮೇಲೆ ತಿರುವಿ ಹಾಕಿ, ಎಲ್ಲಾ ಸೇರಿ 8,000 ಅಂದ. ಎದ್ದು ಕಾಣುವವು ಇಷ್ಟು: ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಬ್ಲೂ ನೋಟ್ ಕಂಪನಿಯ ಆರ್ಟ್ ಬ್ಲೇಕಿ ‘ಮೋನಿನ್’, ಶಂಕರ್ ಜೈಕಿಶನ್ ‘ರಾಗ ಜಾಝ್ ಸ್ಟೈಲ್’. ಕವರುಗಳಿಗೆ ಅಲ್ಲಲ್ಲಿ ಬೂಷ್ಟು ಹಿಡಿದಿದೆ. ಪ್ರತಿ ಕವರಿನ ಹಿಂದೆ ಅಜ್ಜ ಪೆನ್ನಿನಲ್ಲಿ ಬಂದರಿನ ಹೆಸರು, ಇಸವಿ ಬರೆದಿದ್ದಾರೆ.

ಬ್ಲೂ ನೋಟ್ ರೆಕಾರ್ಡು ಲಕ್ಷಗಟ್ಟಲೆಗೆ ಹೋಗುತ್ತದೆ ಅಂತ ಎಲ್ಲೋ ಓದಿದ ಮೇಲೆ ನಿದ್ದೆ ಇಲ್ಲ. ಏನು ನೋಡಬೇಕು, ಹೇಗೆ ನೋಡಬೇಕು, ತಿಳಿದವರು ಹೇಳಿ.

ಬೈತಖೋಲ್_ಬೋಟ್
ಲಕ್ಷ ಬಂದರೆ ನಮಗೆಲ್ಲ ಪಾಪ್ಲೆಟ್ ಊಟ. ಬಂಗಡೆ ಹಾಕಿ ಸಾಗಹಾಕಬೇಡಿ.

ಮೊನೊ_ಮಾವ
8,000ಕ್ಕೆ ಕೊಡಬೇಡಿ. ಲಕ್ಷದ ಕನಸೂ ಬೇಡ. ‘ಮೋನಿನ್’ ಅಂತ ಒಂದೇ ರೆಕಾರ್ಡು ಇಲ್ಲ ಮಾರಾಯ್ರೇ. ಅದೇ ಕವರು, ಅದೇ ಹಾಡು, ಬೇರೆ ಬೇರೆ ವರ್ಷ ಬೇರೆ ಬೇರೆ ಫ್ಯಾಕ್ಟರಿಯಲ್ಲಿ ಒತ್ತಿದ್ದು ಎಷ್ಟೋ ಇವೆ. ನಿಮ್ಮ ಕೈಯಲ್ಲಿರುವುದು ಯಾವುದು ಅನ್ನೋದು ಮೊದಲ ಪ್ರಶ್ನೆ. ಸ್ಥಿತಿ ಹೇಗಿದೆ ಅನ್ನೋದು ಎರಡನೆಯದು. ಬೆಲೆಯ ಮಾತು ಆಮೇಲೆ.

ಕವರ್ ನೋಡಿ ಏನೂ ತೀರ್ಮಾನ ಮಾಡಬೇಡಿ. ತಟ್ಟೆ ಹೊರಗೆ ತೆಗೆಯಿರಿ, ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ನುಣುಪಾದ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೀಚಿದ ಅಥವಾ ಒತ್ತಿದ ಅಕ್ಷರಗಳಿರುತ್ತವೆ. ರೆಕಾರ್ಡಿನ ಜಾತಕ ಇರೋದೇ ಅಲ್ಲಿ. ಬ್ಲೂ ನೋಟ್ ಆದರೆ ಮೂರು ಸಂಗತಿ ಬರೆದು ಹಾಕಿ:

ಲೇಬಲ್ ಮೇಲೆ ಯಾವ ವಿಳಾಸ ಇದೆ. ಖಾಲಿ ಜಾಗದಲ್ಲಿ ‘ಆರ್‌ವಿಜಿ’ ಅಥವಾ ‘ವ್ಯಾನ್ ಗೆಲ್ಡರ್’ ಅಂತ, ಅಂದರೆ ಧ್ವನಿಮುದ್ರಣ ಮಾಡಿದ ಇಂಜಿನಿಯರನ ಹೆಸರು, ಇದೆಯಾ. ಕಿವಿಯ ಆಕಾರದ ಒಂದು ಗುರುತು ಇದೆಯಾ. ಆ ಕಿವಿ ನಿಜಕ್ಕೂ ‘ಪಿ’ ಅಕ್ಷರ. ಪ್ಲಾಸ್ಟಿಲೈಟ್ ಅನ್ನುವ ಫ್ಯಾಕ್ಟರಿಯ ಗುರುತು ಅದು. 1966ರಲ್ಲಿ ಲಿಬರ್ಟಿ ಕಂಪನಿ ಬ್ಲೂ ನೋಟನ್ನು ಕೊಂಡಿತು, ಅಲ್ಲಿಂದ ಕಿವಿ ಮಾಯ. ದೊಡ್ಡ ದುಡ್ಡು ಸಿಗುವುದು ಕಿವಿ ಇದ್ದದ್ದಕ್ಕೆ.

ಮಡಗಾಂವ್_ಪ್ಯಾಸೆಂಜರ್
ಗೋವಾದ ವ್ಯಾಪಾರಿ ಅಂದ ಕೂಡಲೇ ಎಲ್ಲರೂ ಕಳ್ಳ ಅಂತ ನೋಡಬೇಡಿ. ನಾನೂ ಸಣ್ಣ ಮಟ್ಟದಲ್ಲಿ ಕೊಂಡು ಮಾರುವವನು. ಐವತ್ತು ರೆಕಾರ್ಡಿನ ಪೆಟ್ಟಿಗೆ ಕೊಂಡರೆ ಹತ್ತು ಮಾರಾಟಕ್ಕೆ ಯೋಗ್ಯ, ಉಳಿದದ್ದು ಮೂಲೆ ಹಿಡಿಯುತ್ತವೆ. ತೊಳೆಯಬೇಕು, ಕೇಳಿ ನೋಡಬೇಕು, ಪ್ಯಾಕ್ ಮಾಡಬೇಕು. ಸಾರಾಸಗಟು ಬೆಲೆ ಯಾವಾಗಲೂ ಕಡಿಮೆಯೇ.

ಮೊನೊ_ಮಾವ
ಒಪ್ಪಿದೆ. ಆದರೆ ಆ ಮನುಷ್ಯ ಒಂದು ತಟ್ಟೆಯನ್ನಾದರೂ ಕವರಿನಿಂದ ಹೊರಗೆ ತೆಗೆದನಾ?

ಕೋಡಿಬಾಗದವ
ನಾಲ್ಕೋ ಐದೋ ತೆಗೆದ. ಬ್ಲೂ ನೋಟ್ ತೆಗೆದು ತುಂಬಾ ಹೊತ್ತು ನೋಡಿದ. ಆಮೇಲೆ "ಎಲ್ಲಾ ಬೂಷ್ಟು" ಅಂದ.

ಬೈತಖೋಲ್_ಬೋಟ್
ಹ್ಞಾಂ, ಬಂತು ನೋಡಿ 😄

ಚಾಲಿ_ಹೆಗಡೆ
ಶಿರಸಿಯಿಂದ. ನಮ್ಮಲ್ಲಿ ಅಡಿಕೆ ಹೇಗೆ ವಿಂಗಡಿಸುತ್ತಾರೋ ಇದೂ ಹಾಗೇ. ತೋಟ ಒಂದೇ, ಮರ ಒಂದೇ ಇರಬಹುದು, ಆದರೆ ಚಾಲಿಯ ದರ ಬೇರೆ, ಬಿಳಿಗೋಟಿನ ದರ ಬೇರೆ, ಕಳಪೆ ಕೋಕಾ ಆದರೆ ಕೇಳುವುದೇ ಬೇಡ. ಮೂಟೆ ಬಿಚ್ಚದೆ ಯಾರೂ ದರ ಹೇಳುವುದಿಲ್ಲ.

ರೆಕಾರ್ಡಿಗೆ ಜಗತ್ತಿನಲ್ಲೆಲ್ಲ ನಡೆಯುವುದು ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆ. ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್ (ವಿಜಿ ಅಂದರೆ ವೆರಿ ಗುಡ್), ವಿಜಿ, ಗುಡ್, ಹೀಗೆ ಇಳಿಯುತ್ತಾ ಹೋಗುತ್ತದೆ. ನಿಯರ್ ಮಿಂಟ್‌ಗೆ ನೂರು ರೂಪಾಯಿ ಅಂತಿಟ್ಟರೆ ವಿಜಿ ಪ್ಲಸ್‌ಗೆ ಸುಮಾರು ಐವತ್ತು, ವಿಜಿಗೆ ಇಪ್ಪತ್ತೈದು, ಗುಡ್‌ಗೆ ಹತ್ತು ಹದಿನೈದು. ಒಂದು ಮೆಟ್ಟಿಲು ಇಳಿದರೆ ಅರ್ಧ ದುಡ್ಡು ಹೋಯಿತು. ಕವರಿಗೂ ತಟ್ಟೆಗೂ ಬೇರೆ ಬೇರೆ ದರ್ಜೆ ಬರೆಯುತ್ತಾರೆ.

ಇಶಾಡು
ಅಂಕೋಲಾ ಇಲ್ಲಿ. ನಾನು ಹೊಸಬಳು. ನೋಡಲು ಲಕಲಕ ಹೊಳೆಯುತ್ತಿದ್ದರೆ ನಿಯರ್ ಮಿಂಟ್ ಅಂತ ಬರೆಯಬಹುದಾ?

ಮೊನೊ_ಮಾವ
ಬೇಡ ಮಗಾ. ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ರೆಕಾರ್ಡೂ ಹೊಳೆಯುತ್ತವೆ. ಕೋಣೆ ಕತ್ತಲು ಮಾಡಿ ಒಂದೇ ಬಲ್ಬಿನ ಕೆಳಗೆ ತಟ್ಟೆಯನ್ನು ಓರೆ ಹಿಡಿದು ನಿಧಾನ ತಿರುಗಿಸು. ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಅವು ಹೆಚ್ಚಾಗಿ ಕೇಳಿಸುವುದಿಲ್ಲ, ಕವರಿಗೆ ಹಾಕಿ ತೆಗೆಯುವಾಗ ಆಗುವಂಥವು. ಗೀರಿನ ಮೇಲೆ ಉಗುರನ್ನು ಬಹಳ ಹಗುರವಾಗಿ ಆಡಿಸು. ಉಗುರು ತಡೆದರೆ ಮುಳ್ಳೂ ತಡೆಯುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಅಡ್ಡಗೀರು ಇದ್ದರೆ 1.8 ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತದೆ. ಅಂಥದ್ದು ಐದಾರು ಟಿಕ್‌ಗೆ ಮುಗಿದರೆ ಸಹಿಸಬಹುದು, ಇಡೀ ಹಾಡಿಗೆ ಬಂದರೆ ವಿಜಿ ಕೂಡ ಜಾಸ್ತಿ ಆಯಿತು.

ಕಣ್ಣಿಗೆ ಕಾಣದ ರೋಗ ಬೇರೆಯೇ ಇದೆ, ಅದು ಸವೆತ. ನಮ್ಮ ದೇಶದ ಹಳೇ ರೆಕಾರ್ಡುಗಳಿಗೆ ಇದೇ ದೊಡ್ಡ ಶಾಪ. ಎಚ್‌ಎಂವಿ ಫಿಯೆಸ್ಟಾದಂಥ ಪ್ಲೇಯರಿನಲ್ಲಿ ಭಾರದ ತೋಳು, ವರ್ಷಗಟ್ಟಲೆ ಬದಲಿಸದ ಮುಳ್ಳು. ಇವತ್ತಿನ ಒಳ್ಳೆಯ ಪ್ಲೇಯರಿನ ಮುಳ್ಳು ಎರಡು ಗ್ರಾಂ ಆಸುಪಾಸಿನ ಭಾರದಲ್ಲಿ ಕೂರುತ್ತದೆ. ಆ ಕಾಲದವು ಅದರ ಎಷ್ಟೋ ಪಟ್ಟು. ಅಂಥ ತಟ್ಟೆಯಲ್ಲಿ ಒಂದೂ ಗೀರಿರುವುದಿಲ್ಲ, ಆದರೆ ಕಪ್ಪು ಹೋಗಿ ಬೂದು ಛಾಯೆ ಬಂದಿರುತ್ತದೆ. ತುತ್ತೂರಿ ಜೋರಾದಾಗ ಗರಗರ ಅಂತ ಒಡೆಯುತ್ತದೆ, ಅದರಲ್ಲೂ ಬದಿಯ ಕೊನೆಯ ಹಾಡಿನಲ್ಲಿ. ಅದಕ್ಕೆ ಯಾವ ಸೋಪೂ ಮದ್ದಲ್ಲ. ಜಾಝ್ ಕೊಳ್ಳುವಾಗ ನಾನು ಯಾವಾಗಲೂ ಕೊನೆಯ ಹಾಡಿನ ತುತ್ತೂರಿಯನ್ನೇ ಮೊದಲು ಕೇಳುವುದು. ಮೊದಲ ಹಾಡು ಚೆನ್ನಾಗಿರುವುದು ಏನೂ ಹೇಳುವುದಿಲ್ಲ.

ಮಧ್ಯದ ತೂತಿನ ಸುತ್ತಲೂ ನೋಡು. ಕಡ್ಡಿ ಹುಡುಕುತ್ತಾ ಲೇಬಲ್ ಮೇಲೆ ಉಜ್ಜಿದ ಗೆರೆಗಳು ತುಂಬಾ ಇದ್ದರೆ ತುಂಬಾ ಸಲ ಹಾಕಿದ್ದಾರೆ ಅಂತ.

ಕೋಡಿಬಾಗದವ
ಮಾವ, ನೋಡಿದೆ. ‘ಮೋನಿನ್’ ಲೇಬಲ್ ಮೇಲೆ ನ್ಯೂಯಾರ್ಕ್ ವಿಳಾಸ ಇಲ್ಲ. ‘ಎ ಡಿವಿಷನ್ ಆಫ್ ಲಿಬರ್ಟಿ ರೆಕಾರ್ಡ್ಸ್’ ಅಂತಿದೆ. ಖಾಲಿ ಜಾಗದಲ್ಲಿ ‘ವ್ಯಾನ್ ಗೆಲ್ಡರ್’ ಒತ್ತಿದ್ದಾರೆ. ಕಿವಿ ಇಲ್ಲ. ಟಾರ್ಚ್ ಬದಲಿಸಿ ನೋಡಿದರೂ ಇಲ್ಲ. ಅಜ್ಜ ಹಿಂದೆ ‘ನ್ಯೂಯಾರ್ಕ್ 1968’ ಅಂತ ಬರೆದಿದ್ದಾರೆ.

‘ಕೈಂಡ್ ಆಫ್ ಬ್ಲೂ’ ಕೆಂಪು ಲೇಬಲ್. ಅಂಚಿಗೆ ಸುತ್ತಲೂ ಚಿನ್ನದ ಬಣ್ಣದಲ್ಲಿ ಕೊಲಂಬಿಯಾ ಕೊಲಂಬಿಯಾ ಅಂತ ಬರೆದಿದೆ. ‘ಬಾಲ್ಟಿಮೋರ್ 1974’.

‘ರಾಗ ಜಾಝ್ ಸ್ಟೈಲ್’ ನಂಬರ್ ಇಸಿಎಲ್‌ಪಿ ಅಂತ ಶುರುವಾಗುತ್ತದೆ. ‘ಬಾಂಬೆ’ ಅಂತಷ್ಟೇ ಇದೆ, ಇಸವಿ ಇಲ್ಲ.

ಮೊನೊ_ಮಾವ
ಅಜ್ಜ ಪುಣ್ಯಾತ್ಮ, ನಮ್ಮ ಅರ್ಧ ಕೆಲಸ ಅವರೇ ಮಾಡಿಟ್ಟಿದ್ದಾರೆ. 1968 ಅಂದರೆ ಲಿಬರ್ಟಿ ಕಾಲವೇ, ಲೇಬಲ್ಲಿಗೆ ತಾಳೆಯಾಯಿತು. ಹಾಗಾಗಿ ಲಕ್ಷ ಇಲ್ಲ. ಆದರೆ ಬಿಸಾಡುವ ಮಾಲಲ್ಲ. ‘ಮೋನಿನ್’ 1958ರಲ್ಲಿ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ತನ್ನ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ಧ್ವನಿಮುದ್ರಣ ಮಾಡಿದ್ದು. ತಟ್ಟೆಯಲ್ಲಿ ಅವನ ಹೆಸರಿನ ಮುದ್ರೆ ಇದೆ ಅಂದರೆ ಅವನೇ ಕೊರೆದ ಅಚ್ಚಿನಿಂದ ಒತ್ತಿದ್ದು ಅಂತ. ಒತ್ತಿದ ಫ್ಯಾಕ್ಟರಿ ಮಾತ್ರ ಬೇರೆ. ಕೇಳಲು ಕೊಳ್ಳುವವರು ಇಂಥದ್ದನ್ನೇ ಹುಡುಕುತ್ತಾರೆ.

ಇನ್ನೊಂದು ಮಾತು. ಲಿಬರ್ಟಿಯವರು ಉಳಿದಿದ್ದ ಹಳೇ ನ್ಯೂಯಾರ್ಕ್ ಲೇಬಲ್ಲುಗಳನ್ನೂ ಸ್ವಲ್ಪ ಕಾಲ ಅಂಟಿಸಿದರು. ಹಾಗಾಗಿ ಲೇಬಲ್ ಒಂದನ್ನೇ ನಂಬಿ ದುಡ್ಡು ಕೊಟ್ಟವರು ಪೆಟ್ಟು ತಿಂದಿದ್ದಾರೆ.

‘ಕೈಂಡ್ ಆಫ್ ಬ್ಲೂ’ 1959ರದ್ದು. ಮೊದಲ ಒತ್ತು ಆದರೆ ಲೇಬಲ್ ಮೇಲೆ ಎಡಕ್ಕೆ ಮೂರು ಬಲಕ್ಕೆ ಮೂರು ಕಣ್ಣಿನಂಥ ಗುರುತು ಇರಬೇಕು. ಕೆಂಪು ಲೇಬಲ್ 1970ರಿಂದ ಈಚೆಗೆ. ಲೆಕ್ಕವಿಲ್ಲದಷ್ಟು ಒತ್ತಿದ್ದಾರೆ. ಇಟ್ಟುಕೊಂಡು ಕೇಳಿ, ಸುಖವಾಗಿರಿ.

ದಾಂಡೇಲಿ_ಡ್ರಮ್ಸ್
ಆ ರೆಕಾರ್ಡಿನ ಮೊದಲ ಬದಿ ಶ್ರುತಿಯೇ ತಪ್ಪು, ಗೊತ್ತಾ? ಮುದ್ರಿಸಿದ ಟೇಪ್ ಮಷೀನು ನಿಧಾನ ಓಡುತ್ತಿತ್ತು, ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲಾ ಸ್ವಲ್ಪ ಮೇಲೆ ಹೋಯಿತು. 1990ರ ದಶಕದಲ್ಲಿ ಸರಿಮಾಡಿದರು. ಅಂದರೆ ದುಬಾರಿ ಮೊದಲ ಒತ್ತು ಕೊಂಡವರು ತಪ್ಪು ಶ್ರುತಿಗೆ ದುಡ್ಡು ಸುರಿಯುತ್ತಿದ್ದಾರೆ!

ಇಶಾಡು
ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ವಾ?

ಚಾಲಿ_ಹೆಗಡೆ
ಜೊತೆಗೆ ನುಡಿಸಲು ಕೂತವರಿಗೆ ಖಂಡಿತ ಗೊತ್ತಾಗಿರುತ್ತದೆ. ನಮ್ಮ ಕಡೆ ತಂಬೂರಿ ಹಿಡಿದು ಬೆಳೆದವರ ಮುಂದೆ ಹಾಕಿದ್ದರೆ ಅರ್ಧ ಆವರ್ತನದಲ್ಲಿ ಹೇಳುತ್ತಿದ್ದರು.

ಬೈತಖೋಲ್_ಬೋಟ್
ಹೆಗಡೆಯವರೇ, ಶಿರಸಿಯವರು ಮೈಲ್ಸ್ ಡೇವಿಸನ ಶ್ರುತಿ ಸರಿಮಾಡಿದರು ಅಂತ ಪೇಪರಿಗೆ ಕೊಡೋಣ.

ಅಘನಾಶಿನಿ
ತಮಾಷೆ ಆಮೇಲೆ. ಆ ಬೂಷ್ಟಿನ ಬಗ್ಗೆ ಯಾರೂ ಸರಿಯಾಗಿ ಹೇಳುತ್ತಿಲ್ಲ. ಕುಮಟೆಯಲ್ಲಿ ನಮ್ಮ ಮನೆಯ ಸಂಗ್ರಹ ನೋಡಿಕೊಳ್ಳುವವಳು ನಾನು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ತಾಗಿಸಿ ಇಟ್ಟದ್ದೆಲ್ಲ ಬೆಳ್ಳಗಾಗುತ್ತದೆ. ಬೂಷ್ಟು ಕಂಡ ತಕ್ಷಣ ಹಾಳಾಯಿತು ಅನ್ನಬೇಡಿ. ಎಲ್‌ಪಿಯ ಮೇಲಿನದು ಹೆಚ್ಚಾಗಿ ತೊಳೆದರೆ ಹೋಗುತ್ತದೆ. ಕವರಿನ ಕಾಗದಕ್ಕೆ ಇಳಿದದ್ದು ಹೋಗುವುದಿಲ್ಲ, ಕಲೆ ಉಳಿಯುತ್ತದೆ.

ಮಾಸ್ಕ್ ಹಾಕಿ, ಹೊರಗೆ ಜಗಲಿಯಲ್ಲಿ ಕೂತು ಮಾಡಿ. ಒಳಗಿನ ಹಳೇ ಕಾಗದದ ಚೀಲ ಬಿಸಾಡಿ. ಡಿಸ್ಟಿಲ್ಡ್ ವಾಟರ್‌ಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಗೆರೆಯ ಉದ್ದಕ್ಕೆ ಸುತ್ತಿನಲ್ಲಿ ಒರೆಸಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಲೇಬಲ್ ಒದ್ದೆ ಆಗಬಾರದು. ಬಿಸಿಲಿಗೆ ಮಾತ್ರ ಇಡಬೇಡಿ, ಹಪ್ಪಳ ಆಗಿಬಿಡುತ್ತದೆ. ಒಣಗಿದ ಮೇಲೆ ಹೊಸ ಚೀಲಕ್ಕೆ ಹಾಕಿ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸುವುದು ಬೇಡ. ಮೆತ್ತಗಿನ ಪಿವಿಸಿ ಚೀಲವೂ ಬೇಡ, ವರ್ಷಗಳು ಕಳೆದ ಮೇಲೆ ತಟ್ಟೆಗೆ ಮಂಜು ಹಿಡಿಸುತ್ತದೆ.

ಹಳೇಪ್ಲೇಟು
ಮೇಲೆ ಅಕ್ಕ ಹೇಳಿದ್ದು ಎಲ್‌ಪಿಗೆ. 78ರ ಪ್ಲೇಟಿಗೆ ಯಾರಾದರೂ ಸ್ಪಿರಿಟ್ ಹಾಕಿ ಅಂದರೆ ಅವರನ್ನು ಮನೆಯಿಂದ ಆಚೆ ಕಳಿಸಿ. ಅವು ಅರಗಿನವು, ಸ್ಪಿರಿಟ್‌ಗೆ ಅರಗು ಕರಗುತ್ತದೆ. ನೀರಿನಿಂದ ಬೇಗ ಒರೆಸಿ ಒಣಗಿಸಬೇಕು, ನೆನೆಹಾಕಬಾರದು. ಎಲ್‌ಪಿ ಮುಳ್ಳಿನಲ್ಲಿ ಹಾಕಿ ಕೇಳಿ "ಬರೀ ಸುರ್ ಸುರ್ ಬರುತ್ತೆ" ಅಂತ ತೀರ್ಪು ಕೊಡುವವರೂ ಇದ್ದಾರೆ. 78ಕ್ಕೆ ಬೇಕಾದ್ದು ಸುಮಾರು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ ಮುಳ್ಳು. ಎಲ್‌ಪಿಯದ್ದು 0.7ರಿಂದ 1 ಮಿಲ್, ಅದು ಗೆರೆಯ ತಳದ ಕಸದಲ್ಲಿ ಓಡಾಡುತ್ತದೆ.

ಬಿರುಕು ನೋಡುವುದು ಹೀಗೆ: ಮಧ್ಯದ ತೂತಿಗೆ ಬೆರಳು ಹಾಕಿ ತೂಗಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಟಣ್ ಅಂದರೆ ಗಟ್ಟಿ. ಬದ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಅಂಚಿನಲ್ಲಿ ಚೂರು ಹಾರಿದ್ದು ಗೆರೆಗೆ ತಲುಪಿಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ 78ರಲ್ಲಿ ಯಾರ್ಯಾರಿದ್ದಾರೆ? ಎಲ್ಲರೂ ಬ್ಲೂ ನೋಟ್ ಬ್ಲೂ ನೋಟ್ ಅಂತಿದ್ದಾರೆ, ಅದನ್ನು ಯಾರೂ ಕೇಳಲೇ ಇಲ್ಲ.

ಕೋಡಿಬಾಗದವ
ಹೆಚ್ಚಿನವು ಎಚ್‌ಎಂವಿ, ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್. ಕೊಲಂಬಿಯಾ ಲೇಬಲ್ಲಿನ ಒಂದರ ಮೇಲೆ ಟೆಡ್ಡಿ ವೆದರ್‌ಫರ್ಡ್ ಅಂತಿದೆ. ಬಡಿದು ನೋಡಿದೆ, ಟಣ್ ಅಂತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹೋಗಿದೆ.

ಹಳೇಪ್ಲೇಟು
ವೆದರ್‌ಫರ್ಡ್!! ಅದನ್ನು ಪೆಟ್ಟಿಗೆಯಿಂದ ಬೇರೆ ಎತ್ತಿಡಿ. ಎಲಿಂಗ್ಟನ್, ಗುಡ್‌ಮನ್ ಲೋಕದಲ್ಲೆಲ್ಲ ಸಿಗುತ್ತಾರೆ. ಈ ಮನುಷ್ಯ ಷಿಕಾಗೋದಲ್ಲಿ 1920ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಒಂದೇ ವಾದ್ಯವೃಂದದಲ್ಲಿ ಪಿಯಾನೋ ನುಡಿಸಿದವನು. ಆಮೇಲೆ ಷಾಂಘೈ, ಬಾಂಬೆಯ ತಾಜ್, ಕೊನೆಗೆ ಕಲ್ಕತ್ತಾ. 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಯುದ್ಧದ ವರ್ಷಗಳಲ್ಲಿ ಕಲ್ಕತ್ತಾದಲ್ಲಿ ಮುದ್ರಿಸಿದ ಪ್ಲೇಟುಗಳು ಇವು, ಹೊರದೇಶದ ಸಂಗ್ರಾಹಕರು ನಮ್ಮ ದೇಶದಲ್ಲೇ ಬಂದು ಹುಡುಕಬೇಕಾದಂಥವು. ಎರಡೂ ಬದಿಯ ಲೇಬಲ್ ಫೋಟೋ ಹಾಕಿ.

ಮಡಗಾಂವ್_ಪ್ಯಾಸೆಂಜರ್
ಹಾಗೆ ನೋಡಿದರೆ ‘ರಾಗ ಜಾಝ್ ಸ್ಟೈಲ್’ ಕೂಡ ಇದೇ ಕಥೆ. 1968ರದ್ದು, ನಮ್ಮ ದೇಶದ್ದೇ. ರಯೀಸ್ ಖಾನ್ ಸಿತಾರ್, ಮನೋಹರಿ ಸಿಂಗ್ ಸ್ಯಾಕ್ಸ್, ಲೆಸ್ಲಿ ಗೊದಿನ್ಹೊ ಡ್ರಮ್ಸ್. ಇಸಿಎಲ್‌ಪಿ ಅಂದರೆ ಮೊನೊ, ಇಸಿಎಸ್‌ಡಿ ಆದರೆ ಸ್ಟೀರಿಯೋ. ಹೊರದೇಶದವರು ಇದನ್ನು ಕೇಳಿ ಬರುತ್ತಾರೆ. ಈಗ ಮರುಮುದ್ರಣವೂ ಬಂದಿದೆ, ಆದರೂ ಹಳೇ ಒತ್ತಿಗೆ ಗಿರಾಕಿ ಕಡಿಮೆಯಾಗಿಲ್ಲ. ಆದರೆ ಒಳ್ಳೆಯ ಸ್ಥಿತಿಯದ್ದು ಸಿಗುವುದು ಕಷ್ಟ, ಮಾವ ಹೇಳಿದ ಅದೇ ಕಾರಣ, ಮದುವೆ ಮನೆ ಪ್ಲೇಯರುಗಳಲ್ಲಿ ಅರೆದು ಹಾಕಿದ್ದಾರೆ.

ಚಾಲಿ_ಹೆಗಡೆ
ಅದು ನಾನು ಕೇಳಿದ್ದೇನೆ. ತೋಡಿ, ಮಾಲಕಂಸ್, ಕಲಾವತಿ, ಒಟ್ಟು ಹನ್ನೊಂದು ರಾಗ. ಒಂದೊಂದೂ ಮೂರ್ನಾಲ್ಕು ನಿಮಿಷ. ತೋಡಿಗೆ ಮೂರು ನಿಮಿಷ ಅಂದರೆ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಮುಗಿಯಿತು.

ದಾಂಡೇಲಿ_ಡ್ರಮ್ಸ್
ಅದನ್ನು ರಾಗ ಅಂತ ಕೇಳಬೇಡಿ ಹೆಗಡೆಯವರೇ. ಡ್ರಮ್ಸ್ ಕೇಳಿ. ಗೋವಾದ ಈ ಜನ ಹಗಲು ಸಿನಿಮಾ ಸ್ಟುಡಿಯೋ, ರಾತ್ರಿ ಹೋಟೆಲಿನಲ್ಲಿ ಜಾಝ್ ಅಂತ ಬದುಕಿದವರು.

ಮಡಗಾಂವ್_ಪ್ಯಾಸೆಂಜರ್
ಅಲ್ಡೋನಾದ ಚಿಕ್ ಚಾಕೊಲೇಟ್ ಹೆಸರು ಬಿಡಬೇಡಿ. ಸಿ. ರಾಮಚಂದ್ರರ ಜೊತೆ ತುತ್ತೂರಿ ಹಿಡಿದವರು. ಕಾಳಿ ನದಿ ದಾಟಿ ಗೋವಾಕ್ಕೆ ಹೋದರೆ ಈ ಚರಿತ್ರೆಯೆಲ್ಲ ಇದೆ, ನಾವು ಅಲ್ಲಿ ಬರೀ ಪೆಟ್ರೋಲು ಹಾಕಿಸಿ ಬರುತ್ತೇವೆ.

ಬೈತಖೋಲ್_ಬೋಟ್
ಪೆಟ್ರೋಲು ಮಾತ್ರವಾ? 😏

ಇಶಾಡು
ಒಂದು ಅನುಮಾನ. ಕವರ್ ಹಿಂದೆ ಪೆನ್ನಿನಲ್ಲಿ ಬರೆದಿದ್ದಾರಲ್ಲ, ಅದಕ್ಕೆ ಬೆಲೆ ಕಡಿಮೆ ಆಗುತ್ತಾ? ರಬ್ಬರಿನಲ್ಲಿ ಅಳಿಸಬಹುದಾ?

ಅಘನಾಶಿನಿ
ಅಯ್ಯೋ ಬೇಡ! ಪೆನ್ನಿನ ಶಾಯಿ ಅಳಿಸಲು ಹೋದರೆ ಕವರಿನ ಕಾಗದವೇ ಎದ್ದು ಬರುತ್ತದೆ.

ಮಡಗಾಂವ್_ಪ್ಯಾಸೆಂಜರ್
ಬೆಲೆ ಕಡಿಮೆ ಆಗೇ ಆಗುತ್ತದೆ. ಸಂಗ್ರಾಹಕರಿಗೆ ಕವರ್ ಮೇಲೆ ಹೆಸರು, ಲೈಬ್ರರಿ ಸೀಲು, ಸ್ಟಿಕ್ಕರ್ ಏನೂ ಆಗದು. ತಟ್ಟೆ ನಿಯರ್ ಮಿಂಟ್ ಇದ್ದರೂ ಕವರನ್ನು ವಿಜಿಗೆ ಇಳಿಸುತ್ತಾರೆ. ಸತ್ಯ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇಪ್ಲೇಟು
ಎಲ್ಲ ಬರವಣಿಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಬಂದರಿನ ಹೆಸರು, ಇಸವಿ ಎರಡೂ ಇದೆ. ಒತ್ತಿದ ಕಾಲ ಗುರುತಿಸಲು ನಮಗೇ ಈಗ ತಾನೇ ಉಪಯೋಗವಾಯಿತಲ್ಲ. ನನ್ನ ಮುಂದೆ ಎರಡು ‘ಮೋನಿನ್’ ಇಟ್ಟರೆ ಬರೆದದ್ದನ್ನೇ ಎತ್ತಿಕೊಳ್ಳುತ್ತೇನೆ.

ಮಡಗಾಂವ್_ಪ್ಯಾಸೆಂಜರ್
ನೀವು ಎತ್ತಿಕೊಳ್ಳುತ್ತೀರಿ ಸರ್, ದುಡ್ಡು ಕೊಡುವ ಜಪಾನಿನವನು ಎತ್ತಿಕೊಳ್ಳುವುದಿಲ್ಲ.

ಮೊನೊ_ಮಾವ
ಇಬ್ಬರೂ ಸರಿ, ಸಾಕು. ಮಾರುವವರು ಬರವಣಿಗೆ ಇದೆ ಅಂತ ಫೋಟೋ ಸಮೇತ ಹೇಳಿದರೆ ಆಯಿತು. ಮುಚ್ಚಿಟ್ಟರೆ ಮಾತ್ರ ಜಗಳ.

ಕೋಡಿಬಾಗದವರೇ, ಬೆಲೆ ನೋಡುವ ಕ್ರಮ ಹೇಳುತ್ತೇನೆ. ಡಿಸ್ಕಾಗ್ಸ್‌ನಲ್ಲಿ (ರೆಕಾರ್ಡು ಕೊಂಡು ಮಾರುವ ವೆಬ್‌ಸೈಟು) ನಿಮ್ಮ ಒತ್ತನ್ನೇ ಹುಡುಕಿ, ಖಾಲಿ ಜಾಗದ ಅಕ್ಷರ ಒಂದೊಂದೂ ತಾಳೆಯಾಗಬೇಕು. ಅಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ಹಿಂದೆ ನಿಜಕ್ಕೂ ಮಾರಾಟವಾದ ಬೆಲೆಗಳ ಪಟ್ಟಿ ಇರುತ್ತದೆ, ಅದರ ನಡುವಿನ ಅಂಕಿ ಹಿಡಿಯಿರಿ. ನಿಮ್ಮ ದರ್ಜೆಗೆ ತಕ್ಕಂತೆ ಇಳಿಸಿ. ಅನುಮಾನ ಬಂದರೆ ಒಂದು ಮೆಟ್ಟಿಲು ಕೆಳಗೇ ಬರೆಯಿರಿ. ಆಮೇಲೆ ಬೆಂಗಳೂರು, ಮುಂಬಯಿ ಗಿರಾಕಿ ಅದಕ್ಕಿಂತಲೂ ಕಡಿಮೆ ಕೇಳುತ್ತಾನೆ, ಅದೂ ಸರಿಯೇ, ಹೊರದೇಶಕ್ಕೆ ಕಳಿಸುವ ಖರ್ಚು ನಿಮಗೆ ಉಳಿಯುತ್ತದಲ್ಲ.

ಕೋಡಿಬಾಗದವ
ಅಜ್ಜನ ಮಗಳ ಹತ್ತಿರ ಮಾತಾಡಿದೆ. ವೆದರ್‌ಫರ್ಡ್, ‘ರಾಗ ಜಾಝ್ ಸ್ಟೈಲ್’, ‘ಮೋನಿನ್’ ಮೂರನ್ನೂ ಬೇರೆ ಬೇರೆಯಾಗಿ ಮಾರುತ್ತೇವೆ. ಉಳಿದದ್ದಕ್ಕೆ ಆ ವ್ಯಾಪಾರಿ ಫೋನ್ ಮಾಡಿ ಈಗ 12,000 ಅನ್ನುತ್ತಿದ್ದಾನೆ! ಬೂಷ್ಟು ಅದೇ ಬೂಷ್ಟು. ಇವತ್ತು ‘ರಾಗ ಜಾಝ್’ ಕೊನೆಯ ಹಾಡು ಹಾಕಿ ಕೇಳಿದೆ, ಮಾವ. ತುತ್ತೂರಿ ಒಡೆಯುತ್ತಿಲ್ಲ, ಹಾಡಿನ ಮಧ್ಯೆ ಸಣ್ಣ ಚಿಟಿಚಿಟಿ ಇದೆ. ವಿಜಿ ಪ್ಲಸ್ ಬರೆಯಲಾ?

ಮೊನೊ_ಮಾವ
ತೊಳೆದ ಮೇಲೂ ಚಿಟಿಚಿಟಿ ಉಳಿದರೆ ವಿಜಿ. ಹೋದರೆ ವಿಜಿ ಪ್ಲಸ್. ಮೊದಲು ತೊಳೆಯಿರಿ.

ಅಘನಾಶಿನಿ
ಕಳಿಸುವಾಗ ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು, ಬೇರೆ ಚೀಲದಲ್ಲಿ ಕವರಿನ ಹಿಂದೆ ಇಟ್ಟು, ಎರಡೂ ಕಡೆ ಗಟ್ಟಿ ರಟ್ಟು ಕೊಟ್ಟು ಕಟ್ಟಿ. ಒಳಗೇ ಇಟ್ಟು ಕಳಿಸಿದರೆ ಪಾರ್ಸೆಲ್ ಬಿದ್ದಾಗ ತಟ್ಟೆ ಕವರಿನ ಅಂಚನ್ನು ಸೀಳುತ್ತದೆ. 78 ಮಾತ್ರ ಸಾಧ್ಯವಾದರೆ ಕೈಯಲ್ಲೇ ಕೊಂಡೊಯ್ದು ಕೊಡಿ.

ಹಳೇಪ್ಲೇಟು
ವೆದರ್‌ಫರ್ಡ್ ಲೇಬಲ್ ಫೋಟೋ ಇನ್ನೂ ಬಂದಿಲ್ಲ. ಹೊನ್ನಾವರದಿಂದ ಬಸ್ ಹತ್ತಿ ನಾನೇ ಬರಲಾ?

ಬೈತಖೋಲ್_ಬೋಟ್
ಬನ್ನಿ, ಬರುವಾಗ ಅಂಕೋಲೆಯಲ್ಲಿ ಇಳಿದು ಇಶಾಡು ಅವರ ಹತ್ತಿರ ಮಾವಿನಹಣ್ಣು ತನ್ನಿ, ಹೆಸರೇ ಮಾವಿನದಲ್ಲವಾ.

ಇಶಾಡು
ಹಣ್ಣು ಮೇ ತಿಂಗಳಲ್ಲಿ. ಅದಿರಲಿ, ನನ್ನ ಹಳೇ ಪ್ಲೇಯರಿನ ಬೆಲ್ಟ್ ಸಡಿಲ ಆಗಿದೆ, ಎಲ್ಲಾ ಹಾಡೂ ಕೆಳಶ್ರುತಿಯಲ್ಲಿ ಬರ್ತಿದೆ. ಕಾರವಾರದಲ್ಲಿ ಬೆಲ್ಟ್ ಸಿಗುತ್ತಾ, ಹುಬ್ಬಳ್ಳಿಗೇ ಹೋಗಬೇಕಾ?

ದಾಂಡೇಲಿ_ಡ್ರಮ್ಸ್
ಹಳೇ ಬೆಲ್ಟನ್ನು ನೆಲದ ಮೇಲೆ ಚಪ್ಪಟೆ ಮಡಚಿ ಉದ್ದ ಅಳೆದು ಹೇಳಿ, ಅಗಲವೂ ಬೇಕು. ಆ ಅಳತೆ ಕೊಟ್ಟರೆ ಆನ್‌ಲೈನಿನಲ್ಲೇ ಸಿಗುತ್ತೆ. ಹಳೆಯದು ಹಿಗ್ಗಿರುತ್ತದೆ, ಒಂದು ಚೂರು ಕಡಿಮೆಯದ್ದೇ ತರಿಸಿ.